ಅಂಕಿತವಿಲ್ಲದ ಪುಟಗಳು

ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವನ್ನು ಕಂಡವರಿಗೆ ಅದರ ವಿಶೇಷವೊಂದು ಮನಸ್ಸಿನಲ್ಲಿ ನಿಲ್ಲದೆ ಇರದು. ಕಲ್ಯಾಣ ಚಾಲುಕ್ಯರ ಕಾಲದ ಆ ಕಲ್ಲಿನ ಗುಡಿಗೆ ನಾಲ್ಕು ದಿಕ್ಕುಗಳಿಗೂ ಬಾಗಿಲುಗಳುಂಟು. ನಡುವೆ ನಾಲ್ಕು ಮುಖದ ಲಿಂಗ. ಯಾವ ಬಾಗಿಲಿನಿಂದ ಒಳಹೊಕ್ಕರೂ ತಲುಪುವ ನೆಲೆ ಒಂದೇ. ನಮ್ಮ ಮನೆತನದವರು ಗುಡಿಗಿಂತ ಅಂಗೈಯ ಇಷ್ಟಲಿಂಗವನ್ನೇ ನಂಬಿ ನಡೆದವರು. ಆದರೂ ಆ ಶಿಲ್ಪಿಗಳ ಯೋಜನೆಗೆ ತಲೆದೂಗದೆ ಇರಲಾರೆವು. ಕಳೆದೆರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಕಾರ್ಯದಿಂದಾಗಿ ಆ ಬಾಗಿಲುಗಳ ನೆನಪು ನಮಗೆ ಮತ್ತೆ ಮತ್ತೆ ಆಗಿದೆ. ಅದನ್ನು ಈ ಪತ್ರಿಕೆಯ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ಉಚಿತವೆಂದು ತೋರಿತು.

2020ರಲ್ಲಿ ಕೊರೊನಾ ಕಾರಣದಿಂದ ಊರೆಲ್ಲ ಬಾಗಿಲು ಹಾಕಿದಾಗ ನಮ್ಮ ಮಗನ ಅಂಗಡಿಯೂ ಮುಚ್ಚಿತು. ಆಗ ಸೊಸೆ ಜೋಳದ ಖಡಕ್ ರೊಟ್ಟಿ ಬಡಿದು ಮಾರತೊಡಗಿದಳು. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು; ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅನಿವಾರ್ಯವಾಗಿ ಆರಂಭವಾದದ್ದು ಕ್ರಮೇಣ ಕಾಯಕವಾಯಿತು. ಇಂದು ಓಣಿಯ ನಾಲ್ವರು ಹೆಣ್ಣುಮಕ್ಕಳು ಅವಳೊಂದಿಗೆ ದುಡಿಯುತ್ತಾರೆ. ಅವರಲ್ಲಿ ಇಬ್ಬರ ಮನೆ ನಡೆಯುವುದು ಈ ಹಂಚಿನ ಬಿಸಿಯಿಂದಲೇ.

ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ನಮ್ಮ ಭಾಗದವರಿಗೂ ರೊಟ್ಟಿ ಮುಟ್ಟಬೇಕೆಂದು 2023ರಲ್ಲಿ ಒಂದು ಜಾಲತಾಣ ಮಾಡಿಸಿದೆವು. ಆರು ತಿಂಗಳು ಕಳೆದರೂ ಅದರತ್ತ ಯಾರೂ ಸುಳಿಯಲಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಹೆಸರು ಐದನೆಯ ಪುಟದಲ್ಲಿಯೂ ಕಾಣದು. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ನಗುತ್ತ ಹೇಳಿದಳು: "ಅಜ್ಜಾ, ಅಂಗಡಿ ತೆರದೀವಿ ಖರೆ, ಆದರ ಅದಕ್ಕ ದಾರಿನ ಇಲ್ಲ."

ದಾರಿ ಎಂದರೇನೆಂಬುದನ್ನು ಅವಳೇ ನಮಗೆ ತಿಳಿಸಿಕೊಟ್ಟಳು. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ಇಬ್ಬರು ತರುಣರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ ರೂಪಿಸಿ, 1998ರಲ್ಲಿ ಗೂಗಲ್ ಸಂಸ್ಥೆಯಾಗಿ ಕಟ್ಟಿದ ಶೋಧಯಂತ್ರದ ಮೂಲ ತತ್ತ್ವ ಸರಳವಾದುದು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹಾಕಿದ ಕೊಂಡಿಯನ್ನು ಅದು ಒಂದು ಸಾಕ್ಷಿಯೆಂದು ಎಣಿಸುತ್ತದೆ. ಬಲವಾದ ಪುಟಗಳ ಸಾಕ್ಷಿಯುಳ್ಳ ಪುಟ ಮೇಲೇರುತ್ತದೆ. ಇಂದು ಶ್ರೇಣಿಯನ್ನು ನಿರ್ಧರಿಸುವ ಅಂಶಗಳು ಹಲವು. ಆದರೂ ಕೊಂಡಿಯ ಮಹತ್ವ ಉಳಿದೇ ಇದೆ. ಶೋಧಯಂತ್ರದ ದೂತನಂತಿರುವ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ನಡೆದು ಹೊಸ ಪುಟಗಳನ್ನು ಕಂಡುಕೊಳ್ಳುತ್ತದೆ. ಯಾವ ಕೊಂಡಿಯೂ ಇಲ್ಲದ ಪುಟ ಅನಾಥವಾಗಿ ಬಿದ್ದಿರುತ್ತದೆ. ನಮ್ಮ ತಾಣದಲ್ಲಿ ಇದ್ದದ್ದು ಅಂತಹ ಮೂರು ಅನಾಥ ಪುಟಗಳು ಮಾತ್ರ.

ಆದುದರಿಂದ ಮೊದಲು ಒಂದು ಕೇಂದ್ರಪುಟ ಇರಬೇಕು. ಅದರ ಸುತ್ತ, ಜನರು ನಿಜವಾಗಿ ಕೇಳುವ ಒಂದೊಂದು ಪ್ರಶ್ನೆಗೆ ಒಂದೊಂದು ಪುಟ ಇರಬೇಕು. ಪ್ರತಿಯೊಂದೂ ಕೇಂದ್ರಕ್ಕೂ ನೆರೆಯ ಪುಟಕ್ಕೂ ಕೊಂಡಿಯಿಂದ ಸೇರಿರಬೇಕು. ಇದನ್ನು ಕೇಳಿದಾಗಲೇ ನಮಗೆ ಚಂದ್ರಮೌಳೇಶ್ವರನ ಬಾಗಿಲುಗಳು ಮೊದಲ ಸಲ ನೆನಪಾದದ್ದು.

ಈ ಹೆಣಿಗೆಯ ನಕ್ಷೆಗಾಗಿ ಮೊಮ್ಮಗಳು ಕೃತಕ ಬುದ್ಧಿಮತ್ತೆಯ ನೆರವು ಪಡೆದಳು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಇಂತಹ ಯಂತ್ರಗಳು ಮನೆಮನೆಗೂ ಪ್ರವೇಶಿಸಿರುವುದು ಓದುಗರಿಗೆ ತಿಳಿದದ್ದೇ. ಸೊಸೆಯ ಬಳಿ ಒಂದು ಹಳೆಯ ನೋಟುಬುಕ್ಕಿತ್ತು. ಫೋನಿನಲ್ಲಿ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನೆಲ್ಲ ಅವಳು ಅದರಲ್ಲಿ ಬರೆದಿಡುತ್ತಿದ್ದಳು. ರೊಟ್ಟಿ ಎಷ್ಟು ದಿನ ಇರುತ್ತದೆ, ಮಳೆಗಾಲದಲ್ಲಿ ಮೆತ್ತಗಾದರೆ ಏನು ಮಾಡಬೇಕು, ಹಿಟ್ಟು ಯಾವ ಜೋಳದ್ದು, ಚಟ್ನಿಗೆ ಬೆಳ್ಳುಳ್ಳಿ ಹಾಕುತ್ತೀರಾ ಎಂಬಂತಹ ಅರವತ್ತಕ್ಕೂ ಹೆಚ್ಚು ಪ್ರಶ್ನೆಗಳು. ಅವನ್ನು ಯಂತ್ರದ ಮುಂದಿಟ್ಟೊಡನೆ ಕ್ಷಣಮಾತ್ರದಲ್ಲಿ ಏಳು ಗುಂಪು ಮಾಡಿ ಕೊಟ್ಟಿತು. ಒಂದೇ ಅರ್ಥದ ಪ್ರಶ್ನೆಗಳಿಗೆ ಎರಡೆರಡು ಪುಟ ಮಾಡಿದರೆ ಅವು ತಮ್ಮತಮ್ಮಲ್ಲೇ ಸ್ಪರ್ಧಿಸುತ್ತವೆ, ಒಂದಾಗಿ ಸೇರಿಸಿರಿ ಎಂದಿತು. 'ಇಲ್ಲಿ ಒತ್ತಿರಿ' ಎಂಬ ಕೊಂಡಿಗಿಂತ 'ಮಳೆಗಾಲದಲ್ಲಿ ರೊಟ್ಟಿ ಕಾಪಿಡುವ ಬಗೆ' ಎಂಬ ಕೊಂಡಿ ಮೇಲು, ಓದುವವರಿಗೂ ಶೋಧಯಂತ್ರಕ್ಕೂ ಅದರಿಂದ ವಿಷಯ ತಿಳಿಯುತ್ತದೆ ಎಂದಿತು. ಇವೆಲ್ಲವೂ ಒಪ್ಪತಕ್ಕ ಮಾತುಗಳೇ. ವಾರಗಟ್ಟಲೆ ಹಿಡಿಯುವ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು.

ಜೋಡಣೆಯೆಂಬುದು ಕೀಳು ಕೆಲಸವಲ್ಲ. ನಮ್ಮ ಪರಂಪರೆಯಲ್ಲಿಯೇ ಅದಕ್ಕೆ ಹಿರಿಯ ನಿದರ್ಶನವುಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಹಲವು ಶರಣರ ವಚನಗಳನ್ನು ಆಯ್ದು, ಅಲ್ಲಮಪ್ರಭುಗಳನ್ನು ಕೇಂದ್ರವಾಗಿರಿಸಿಕೊಂಡು, ಸಂವಾದರೂಪವಾಗಿ ಹೆಣೆದು ಶೂನ್ಯಸಂಪಾದನೆಯನ್ನು ಕಟ್ಟಿದರು. ಬಿಡಿಬಿಡಿಯಾಗಿದ್ದ ವಚನಗಳು ಒಂದಕ್ಕೊಂದು ಉತ್ತರವಾಗಿ ನಿಂತವು. ಆದರೆ ಅಲ್ಲಿ ಬಂದ ಒಂದೊಂದು ವಚನಕ್ಕೂ ಅದರ ಅಂಕಿತವಿದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕನದು. ನಮ್ಮ ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಅರಸಿ ಊರೂರು ಅಲೆದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಶತಮಾನಗಳ ಬಳಿಕವೂ ಇಂತಹ ವಚನ ಇಂತಹವರದೆಂದು ಹೇಳಲು ಅಂಕಿತವೇ ಆಧಾರವಾಯಿತು. ಜೋಡಿಸಿದವರು ಬೇರೆ, ನುಡಿದವರು ಬೇರೆ. ಆದರೆ ಪ್ರತಿಯೊಂದು ನುಡಿಗೂ ಒಬ್ಬ ಹೊಣೆಗಾರನಿದ್ದನು.

ನಾವು ಎಡವಿದ್ದು ಇಲ್ಲಿಯೇ. ನಕ್ಷೆ ಕೊಟ್ಟ ಯಂತ್ರವು ಪುಟಗಳನ್ನೂ ತಾನೇ ಬರೆದುಕೊಡುತ್ತೇನೆಂದಿತು. ಮೊಮ್ಮಗಳಿಗೆ ಪರೀಕ್ಷೆ ಸಮೀಪಿಸಿತ್ತು. ಸೊಸೆಗೆ ಬೆಳಗಿನ ಐದರಿಂದ ಹಂಚಿನ ಮುಂದೆ ಕೆಲಸ. ನಾವೂ ಓದಿ ನೋಡುವ ಶ್ರಮ ತೆಗೆದುಕೊಳ್ಳಲಿಲ್ಲ. ಎರಡು ರಾತ್ರಿಗಳಲ್ಲಿ 42 ಪುಟಗಳು ಸಿದ್ಧವಾಗಿ ತಾಣಕ್ಕೆ ಏರಿದವು. ಎರಡು ತಿಂಗಳಲ್ಲಿ ಆರ್ಡರುಗಳು ಹೆಚ್ಚಾದವು. ಮನೆಯಲ್ಲಿ ಸಂತೋಷವೋ ಸಂತೋಷ. ಇನ್ನೊಬ್ಬಳನ್ನು ಕೆಲಸಕ್ಕೆ ಕರೆಯುವ ಮಾತೂ ನಡೆಯಿತು.

ಒಂದು ದಿನ ಮಧ್ಯಾಹ್ನ ಪುಣೆಯಿಂದ ಫೋನು ಬಂತು. ನಮ್ಮ ಕಡೆಯವರೇ ಆದ ಹಿರಿಯರೊಬ್ಬರು, ಮಗನ ಮನೆಯಲ್ಲಿ ನೆಲೆಸಿದವರು. "ತಂಗಿ, ನಿಮ್ಮ ರೊಟ್ಟಿ ಮೂರು ತಿಂಗಳು ತಿಂದರ ಸಕ್ಕರಿ ಬ್ಯಾನಿ ಹೋಗತದಂತ ಬರದೀರಲ್ಲ. ನಾ ಶುರು ಮಾಡಿ ಹದಿನೈದು ದಿನ ಆತು. ಗುಳಿಗಿ ಇವತ್ತಿನಿಂದ ಬಿಡಲೇನು?" ಎಂದು ಕೇಳಿದರು.

ಸೊಸೆಯ ಕೈಯಲ್ಲಿದ್ದ ಹಿಟ್ಟು ಹಾಗೆಯೇ ನಿಂತಿತು. "ಬ್ಯಾಡ್ರಿ ಯಪ್ಪಾ, ಡಾಕ್ಟರ್ ಹೇಳದ ಗುಳಿಗಿ ಬಿಡಬ್ಯಾಡ್ರಿ. ಹಂಗ ನಾವು ಬರದೇ ಇಲ್ಲ" ಎಂದಳು. ಅವರು ಅಲ್ಲಿಯೇ ಓದಿ ಹೇಳಿದರು. ಬರೆದದ್ದು ನಿಜ. ನಮ್ಮ ತಾಣದಲ್ಲಿ, ನಮ್ಮ ಹೆಸರಿನ ಕೆಳಗೆ, ಬಿಳಿಜೋಳದ ರೊಟ್ಟಿಯು ಮಧುಮೇಹವನ್ನು ಬುಡಸಹಿತ ಗುಣಪಡಿಸುತ್ತದೆಂದು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದಿತ್ತು. ಉಳಿದ ಹನ್ನೊಂದು ಪುಟಗಳು ಅದಕ್ಕೆ ಕೊಂಡಿ ಹಾಕಿ ಸಾಕ್ಷಿ ನುಡಿಯುತ್ತಿದ್ದವು.

ಅಂದು ರಾತ್ರಿ ಮನೆಮಂದಿಯೆಲ್ಲ ಕುಳಿತು 42 ಪುಟಗಳನ್ನೂ ಓದಿದೆವು. ಹುಬ್ಬಳ್ಳಿ ರೊಟ್ಟಿ, ಧಾರವಾಡ ರೊಟ್ಟಿ, ಬೆಳಗಾವಿ ರೊಟ್ಟಿ, ವಿಜಯಪುರ ರೊಟ್ಟಿ ಎಂದು ಊರ ಹೆಸರು ಮಾತ್ರ ಬದಲಿಸಿ ಒಂದೇ ಬರಹವನ್ನು ಒಂಬತ್ತು ಸಲ ಬರೆಯಲಾಗಿತ್ತು. ಇಂತಹವುಗಳನ್ನು ಗೂಗಲ್ ಸಂಸ್ಥೆಯು 'ಡೋರ್‌ವೇ', ಅಂದರೆ ಬಾಗಿಲು ಪುಟಗಳೆಂದು ಕರೆದು ನಿಷಿದ್ಧಗಳ ಪಟ್ಟಿಯಲ್ಲಿ ಇರಿಸಿದೆ. ಶ್ರೇಣಿಗಾಗಿಯೇ ರಾಶಿರಾಶಿ ನಿಷ್ಪ್ರಯೋಜಕ ಪುಟಗಳನ್ನು ಉತ್ಪಾದಿಸುವುದನ್ನೂ, ಬರೆದದ್ದು ಯಂತ್ರವಾದರೂ ಮನುಷ್ಯನಾದರೂ, 2024ರ ಮಾರ್ಚಿನ ನಿಯಮಗಳಲ್ಲಿ ಅದು ನಿಷೇಧಿಸಿತು. ಚಂದ್ರಮೌಳೇಶ್ವರನ ಬಾಗಿಲುಗಳ ಒಳಗೆ ಲಿಂಗವಿದೆ. ನಮ್ಮ ಒಂಬತ್ತು ಬಾಗಿಲುಗಳ ಒಳಗೆ ಏನೂ ಇರಲಿಲ್ಲ.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದು ಅಪಾರ ಬರಹಗಳನ್ನು ನೋಡಿ, ಯಾವ ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೋ ಅದನ್ನು ಹೊಂದಿಸುತ್ತದೆ. ಸಹಜವಾಗಿ ಕೇಳಿಸಿದ್ದೆಲ್ಲ ಸತ್ಯವಾಗಬೇಕೆಂದಿಲ್ಲ. ಸಿರಿಧಾನ್ಯಗಳ ಬಗ್ಗೆ, ಅದರಲ್ಲಿಯೂ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ಅತಿಶಯೋಕ್ತಿಗಳಿಗೆ ಮಿತಿಯಿಲ್ಲ. ಯಂತ್ರ ಅವುಗಳನ್ನೇ ಮರಳಿ ನುಡಿಯಿತು. ತಪ್ಪು ನಮ್ಮದು, ಓದದೆ ಸಹಿ ಹಾಕಿದವರು ನಾವು.

ನಿಜಸಂಗತಿಯನ್ನು ಪರಿಚಿತ ವೈದ್ಯರೊಬ್ಬರಲ್ಲಿ ಕೇಳಿ ತಿಳಿದೆವು. ಜೋಳದಲ್ಲಿ ನಾರಿನಂಶವಿದೆ, ಗ್ಲುಟೆನ್ ಇಲ್ಲ. ಅದು ಒಳ್ಳೆಯ ಆಹಾರ. ಆದರೆ ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ತಿಂದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಎಷ್ಟು ತಿನ್ನುತ್ತೇವೆ ಎಂಬುದು ಮುಖ್ಯ. ಔಷಧಿಗೆ ಅದು ಬದಲಿಯಲ್ಲ. ಆಹಾರ ಮಾರುವವರು ರೋಗ ಗುಣವಾಗುವುದೆಂದು ಜಾಹೀರಾತು ಮಾಡುವಂತಿಲ್ಲವೆಂದು 2018ರ ಆಹಾರ ಸುರಕ್ಷತಾ ನಿಯಮಾವಳಿ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಕಾಯ್ದೆಯಂತೆ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಆದರೂ ಆ ರಾತ್ರಿ ನಿರ್ಣಯ ಸುಲಭವಾಗಿರಲಿಲ್ಲ. ಮೊಮ್ಮಗಳು ಲೆಕ್ಕ ತೆಗೆದು, "ಅಜ್ಜಾ, ಅರ್ಧಾ ಆರ್ಡರ್ ಈ ಒಂದ ಪುಟದಿಂದ ಬರತಾವ. ತಗದರ ನಾಲ್ಕು ಮಂದಿಗೆ ಪಗಾರ ಹೆಂಗ?" ಎಂದಳು. ಅವಳ ಮಾತು ಸುಳ್ಳಲ್ಲ. ಆ ನಾಲ್ವರ ಮಕ್ಕಳ ಶಾಲೆಯ ಫೀ ನಮ್ಮ ಕಣ್ಣಮುಂದೆಯೇ ಇತ್ತು. ನಾವು ಸುಮ್ಮನೆ ಕುಳಿತೆವು. ಸೊಸೆಯೇ ಮೌನ ಮುರಿದಳು: "ಮಾವಾರ, ಆ ಹಿರಿಯರು ಫೋನ್ ಮಾಡಿ ಕೇಳಿದರು. ಕೇಳಲಾರದ ಗುಳಿಗಿ ಬಿಟ್ಟವರು ಎಷ್ಟು ಮಂದಿ ಅದಾರೋ ಯಾರಿಗೆ ಗೊತ್ರಿ? ಆ ರೊಕ್ಕದಿಂದ ತುಂಬಿದ ತಾಟು ನನಗ ಪ್ರಸಾದ ಆಗೂದಿಲ್ಲ."

ಇದಕ್ಕೆ ಪ್ರತಿಯಾಗಿ ಹೇಳಲು ನಮ್ಮಲ್ಲಿ ಏನಿತ್ತು? ನಾವು ಎಷ್ಟೋ ಅನುಭಾವಗೋಷ್ಠಿಗಳಲ್ಲಿ ಕಾಯಕಶುದ್ಧಿಯ ಬಗ್ಗೆ ಮಾತನಾಡಿದವರು. ಅದರ ಅರ್ಥವನ್ನು ಅಂದು ರೊಟ್ಟಿ ಬಡಿಯುವ ಕೈಗಳಿಂದ ಕಲಿತೆವು.

ಬೆಳಗಾಗುವುದರೊಳಗೆ 31 ಪುಟಗಳನ್ನು ತೆಗೆದುಹಾಕಿದೆವು. ಆ ಪುಟ ಓದಿ ಕೊಂಡಿರಬಹುದಾದ ಗಿರಾಕಿಗಳಿಗೆಲ್ಲ ಸೊಸೆ ಒಬ್ಬೊಬ್ಬರಿಗೇ ಫೋನು ಮಾಡಿ ತಪ್ಪೊಪ್ಪಿಕೊಂಡಳು. ಕೆಲವರು ನಕ್ಕರು, ಇಬ್ಬರು ಸಿಟ್ಟಾದರು. ಉಳಿದ 11 ಪುಟಗಳನ್ನು ಮತ್ತೆ ಬರೆದೆವು. ಯಂತ್ರದ ನಕ್ಷೆಯನ್ನು ಬಿಡಲಿಲ್ಲ. ಅದು ಒಳ್ಳೆಯದೇ ಆಗಿತ್ತು. ಆದರೆ ಮಾತು ನಮ್ಮದಾಯಿತು. ಮಳೆಗಾಲದಲ್ಲಿ ಮೆತ್ತಗಾದ ರೊಟ್ಟಿಯನ್ನು ಮತ್ತೆ ಗರಿಯಾಗಿಸುವ ಬಗೆಯನ್ನು ಸೊಸೆ ಹೇಳಿದಳು, ಮೊಮ್ಮಗಳು ಬರೆದುಕೊಂಡಳು. ಹಿಂಗಾರಿ ಜೋಳದ ಗುರುತು, ಗಿರಣಿಯಲ್ಲಿ ಬೀಸಿಸುವಾಗ ನೋಡಬೇಕಾದ ಹದ, ಹಿಟ್ಟು ಹಳತಾದರೆ ರೊಟ್ಟಿ ಏಕೆ ಹರಿಯುತ್ತದೆ ಎಂಬುದನ್ನು ನಮ್ಮ ಮನೆಯವರು ಹೇಳಿದರು. ಮಧುಮೇಹದ ಪುಟವನ್ನು ವೈದ್ಯರಿಗೆ ತೋರಿಸಿ, 'ಗುಳಿಗೆ ಬಿಡಬೇಡಿರಿ' ಎಂಬ ಮಾತನ್ನೇ ಮೊದಲ ಸಾಲಾಗಿ ಇರಿಸಿದೆವು. ಪ್ರತಿಯೊಂದು ಪುಟದ ಕೊನೆಗೆ ಹೇಳಿದವರ ಹೆಸರನ್ನೂ ಪರಿಶೀಲಿಸಿದವರ ಹೆಸರನ್ನೂ ಹಾಕಿದೆವು. ಮೊಮ್ಮಗಳು ಅದಕ್ಕೆ 'ಅಂಕಿತ' ಎಂದೇ ಶೀರ್ಷಿಕೆ ಕೊಟ್ಟಿದ್ದಾಳೆ.

ಫಲವೇನಾಯಿತೆಂದು ಓದುಗರು ಕೇಳಬಹುದು. ಮೂರು ತಿಂಗಳು ಆರ್ಡರುಗಳು ಕುಸಿದವು. ಮಗನ ಅಂಗಡಿಯ ಹಣದಿಂದ ಪಗಾರ ಕೊಟ್ಟೆವು. ಹೊಸಬಳನ್ನು ಕರೆಯುವ ವಿಚಾರ ಹಾಗೆಯೇ ನಿಂತಿತು. ಮಧುಮೇಹದ ಪುಟ ಇಂದಿಗೂ ಮೇಲೆ ಬಂದಿಲ್ಲ. ದೊಡ್ಡ ದೊಡ್ಡ ಮಾತಿನ ಪುಟಗಳು ಅದರ ಮುಂದಿವೆ. ಆದರೆ ಮಳೆಗಾಲದ ರೊಟ್ಟಿಯ ಪುಟ ನಿಧಾನವಾಗಿ ಮೇಲೇರಿತು. ಅದನ್ನು ಓದಿ ಬಂದವರು ಮತ್ತೆ ಮತ್ತೆ ಬರುತ್ತಿದ್ದಾರೆ. ಪುಣೆಯ ಹಿರಿಯರೂ ಪ್ರತಿ ತಿಂಗಳು ರೊಟ್ಟಿ ತರಿಸುತ್ತಾರೆ, ಗುಳಿಗೆಯನ್ನೂ ನುಂಗುತ್ತಾರೆ.

ನಮ್ಮ ಸಮಾಜದಲ್ಲಿ ಇಂದು ಸಣ್ಣ ಉದ್ಯೋಗ ಮಾಡುವ ಮನೆಗಳು, ಮಠದ ಜಾಲತಾಣ ನೋಡಿಕೊಳ್ಳುವ ತರುಣರು, ವಚನಗಳನ್ನು ಅಂತರಜಾಲಕ್ಕೆ ಏರಿಸುವ ಬಳಗಗಳು ಅನೇಕ. ಅವರೆಲ್ಲರೂ ಈ ಯಂತ್ರದ ನೆರವು ಪಡೆಯುವರು, ಪಡೆಯಲಿ. ಪ್ರಶ್ನೆಗಳನ್ನು ಗುಂಪುಗೂಡಿಸಲು, ಕೊಂಡಿಗಳ ನಕ್ಷೆ ಬರೆಯಲು, ಬಿಟ್ಟುಹೋದದ್ದನ್ನು ನೆನಪಿಸಲು ಅದು ಸಮರ್ಥ. ಆದರೆ ಪ್ರಶ್ನೆಗಳು ನಿಜವಾದ ಜನರವಾಗಿರಲಿ, ಉತ್ತರ ಬಲ್ಲವರದಾಗಿರಲಿ. ಈಗ ಶೋಧಯಂತ್ರವೇ ಹಲವು ಪುಟಗಳನ್ನು ಕೂಡಿಸಿ, ಸಾರಾಂಶ ಬರೆದು ಮೇಲ್ಭಾಗದಲ್ಲಿ ತೋರಿಸುತ್ತಿದೆ. ನಾವು ಹಾಕಿದ ಒಂದು ಸುಳ್ಳು ಆ ಸಾರಾಂಶದಲ್ಲಿ ಬೆರೆತರೆ ನಮ್ಮ ಹೆಸರು ಕಾಣದೆಯೂ ಅದು ಊರೂರು ತಿರುಗಬಹುದು. ನಾಳೆ ನಮ್ಮ ಮಕ್ಕಳು ಔಷಧವನ್ನಾಗಲಿ, ಬಸವಾದಿ ಶರಣರ ನುಡಿಯನ್ನಾಗಲಿ ಹುಡುಕುವುದು ಅಲ್ಲಿಯೇ.

ಒಂದು ಪುಟ ಇನ್ನೊಂದಕ್ಕೆ ಕೊಂಡಿ ಹಾಕುವುದೆಂದರೆ 'ಅಲ್ಲಿ ಹೋಗಿರಿ, ಅಲ್ಲಿ ನಿಜವಿದೆ' ಎಂದು ಕೈ ತೋರಿಸಿದಂತೆ. ತೋರಿಸಿದ ಕಡೆ ನಿಜವಿಲ್ಲದಿದ್ದರೆ ತೋರಿದ ಕೈಯೇ ತಪ್ಪಿತಸ್ಥ. ಹೆಣಿಗೆ ಯಾವ ಯಂತ್ರದ್ದಾದರೂ ಆಗಲಿ. ಕೊನೆಯಲ್ಲಿ ಹಾಕುವ ಅಂಕಿತ ನಮ್ಮದು, ಅದಕ್ಕೆ ಉತ್ತರ ಕೊಡಬೇಕಾದವರೂ ನಾವೇ.