ಚೌಕಾಸಿ ಮಾಡದ ಗಿರಾಕಿ

ಆಯುಧಪೂಜೆಗೆ ಮುಂಚೆ ಅಟ್ಟ ಗುಡಿಸುವುದು ನಮ್ಮ ಮನೆಯ ಪದ್ಧತಿ. ನಿಮ್ಮಲ್ಲೂ ಇದ್ದೀತು. ೨೦೨೩ರ ಅಕ್ಟೋಬರಿನಲ್ಲಿ ಹಾಗೆ ಸೆರಗು ಸಿಕ್ಕಿಸಿಕೊಂಡು ಹತ್ತಿದಾಗ, ತಳ ಒಡೆದ ಇಡ್ಲಿ ಪಾತ್ರೆ, ಮಗಳ ಮೂರು ಗಾಲಿ ಸೈಕಲ್ಲು, ಎರಡು ಜಾರಿನ ಹಳೆಯ ಮಿಕ್ಸಿ, ಇವುಗಳ ಹಿಂದೆ ಮಗರಾಯನ ಹಳೆಯ ಕಂಪ್ಯೂಟರ್ ಕೂತಿತ್ತು. ಹಿಂದಿನ ಪೂಜೆಗಳ ಕುಂಕುಮ ಅದರ ಮೈಮೇಲೆ ಒಣಗಿ ಅಂಟಿಕೊಂಡಿತ್ತು. ೨೦೧೬ರಲ್ಲಿ ಪೇಟೆಯ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿದು, ೩೨ ಸಾವಿರ ಎಣಿಸಿ ಕೊಟ್ಟು ತಂದ ಸಾಮಾನು ಅದು. ಬೀದಿಯಲ್ಲಿ ಕೂಗಿಕೊಂಡು ಬಂದ ಗುಜರಿಯವನು ತೂಗಿ ನೋಡಿ ೪೦೦ ರೂಪಾಯಿ ಅಂದ.

"ಅಮ್ಮಾ, ನಿಂಗೇನು ಹುಚ್ಚಾ? ಫೋಟೋ ತೆಗೆದು ಆನ್‌ಲೈನಿಗೆ ಹಾಕು. ಒಂಬತ್ತು ಸಾವಿರಕ್ಕೆ ಹೋಗುತ್ತೆ" ಅಂದ ಮಗ.

ಹೀಗೆ ಶುರುವಾಯಿತು ನೋಡಿ ನನ್ನ ವ್ಯಾಪಾರ. ಅದರ ಕಥೆಗೆ ಮುಂಚೆ ನಾನು ಎಲ್ಲಿಯವಳು ಅನ್ನುವುದನ್ನು ಹೇಳಿಬಿಡಬೇಕು. ಯಾಕೆಂದರೆ ನಾನು ಮೋಸಹೋದದ್ದು ಅದರಿಂದಲೇ.

ನಾನು ಹುಟ್ಟಿದ್ದು ಹಲಸೂರಿನಲ್ಲಿ, ಕೊಟ್ಟಿದ್ದೂ ಹಲಸೂರಿಗೇ. ಹಳೆಯ ಬೆಂಗಳೂರಿಗರು ಊರನ್ನು ಎರಡು ಮಾಡಿ ಹೇಳುತ್ತಿದ್ದರು: ಆ ಕಡೆ ಪೇಟೆ, ಈ ಕಡೆ ದಂಡು. ೧೮೦೯ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ತಂದು ಇಳಿಸಿದಾಗಿನಿಂದ ಇದು ದಂಡು. ಹಲಸೂರು ಮಾತ್ರ ದಂಡಿಗಿಂತ ಹಳೆಯದು. ನಮ್ಮ ಸೋಮೇಶ್ವರ ದೇವಸ್ಥಾನದ ಕಂಬಗಳನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಕೆರೆಯ ದಡದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೆಂಟರ್ ಇದೆ. ಅಲ್ಲಿಯ ಸಿಪಾಯಿಗಳಿಗೆ 'ತಂಬಿ'ಗಳೆಂದೇ ಹೆಸರು. ಅಪ್ಪ ಬಜಾರ್ ಬೀದಿಯಲ್ಲಿ ಟೈಲರ್. ತಂಬಿಗಳ ಷರ್ಟಿಗೆ ಗುಂಡಿ, ಪ್ಯಾಂಟಿಗೆ ಪಟ್ಟಿ ಹೊಲಿದೇ ನಮ್ಮನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದರು. "ಊರೆಲ್ಲ ಸಾಲ ನಿಲ್ಲಿಸಿದರೂ ಮಿಲ್ಟ್ರಿಯವನು ಒಂದನೇ ತಾರೀಕು ತಂದು ಕೊಡ್ತಾನಮ್ಮ" ಅನ್ನುತ್ತಿದ್ದರು. ಆ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಇದೆ.

ವ್ಯಾಪಾರ ಕಲಿಸಿದ್ದು ಅಮ್ಮ, ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ. ೧೯೨೭ರಲ್ಲಿ ಕಟ್ಟಿ ೧೯೩೩ರಲ್ಲಿ ಉದ್ಘಾಟನೆಯಾದ ಆ ಕಮಾನಿನ ಕಟ್ಟಡದ ಬಾಗಿಲಲ್ಲಿ ನಿಂತು ಅಮ್ಮ ಮೊದಲು ಮೂಗಿನಿಂದ ಸಂತೆ ನೋಡುತ್ತಿದ್ದಳು. ಸೊಪ್ಪು ನಿನ್ನೆಯದೋ ಇವತ್ತಿನದೋ ಅಂತ. ಅಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಬೆರೆಸಿದ ಒಂದು ಭಾಷೆ ಇದೆ, ಚೌಕಾಸಿಗೆಂದೇ ಹುಟ್ಟಿದ ಹಾಗೆ. ಅವನು ಇಪ್ಪತ್ತು ಅಂದರೆ ಇವಳು ಹತ್ತು. ಅವನು ಕೈ ಮುಗಿಯುತ್ತಾನೆ, ಇವಳು ನಾಲ್ಕು ಹೆಜ್ಜೆ ಹೋಗುತ್ತಾಳೆ, ಅವನು ಕೂಗುತ್ತಾನೆ. ಪಕ್ಕದ ಗುಜರಿ ಗಲ್ಲಿಗಳಲ್ಲೂ ಹೀಗೇ. ಹಳೆಯ ಗಾಡಿಗಳ ಬಿಡಿಭಾಗ ಗುಡ್ಡೆ ಹಾಕಿಕೊಂಡು ಕೂತವನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಣ್ಣೆ ಒರೆಸಿ, ಹಲ್ಲು ಸವೆದಿದೆಯಾ ಅಂತ ಬೆರಳಲ್ಲಿ ಸವರಿ ನೋಡಿ, ಆಮೇಲೇ ದುಡ್ಡಿನ ಮಾತು.

ಇಷ್ಟೆಲ್ಲ ಕಲಿತವಳು ನಾನು. ಆದರೂ ಕೇಳಿ.

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕುಂಕುಮ, ಧೂಳು ಎಲ್ಲ ತೆಗೆದು ಕಂಪ್ಯೂಟರನ್ನು ಮದುವಣಗಿತ್ತಿಯ ಹಾಗೆ ಮಾಡಿದೆ. ಮಗ ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಕೈಗೆ ಕೊಟ್ಟ. "ಇದನ್ನು ಮಾತ್ರ ಮಾರಬಾರದು. ಇದರಲ್ಲಿ ನಮ್ಮ ಫೋಟೋ, ಆಧಾರ್, ಅಪ್ಪನ ಪಾಸ್‌ಬುಕ್ಕು ಎಲ್ಲ ಇದೆ." ಅಳಿಸಿಬಿಟ್ಟರಾಯಿತಲ್ಲ ಅಂದೆ. ಅಳಿಸುವುದೆಂದರೆ ಸ್ಲೇಟು ಒರೆಸಿದ ಹಾಗಲ್ಲವಂತೆ. ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗಂತೆ. ಪಾಠಗಳೆಲ್ಲ ಒಳಗೇ ಇರುತ್ತವೆ, ಹುಡುಕುವವನಿಗೆ ಸಿಗುತ್ತವೆ. ಹಳೆಯ ಕಂಪ್ಯೂಟರ್ ಕೊಡುವವರು ಇದೊಂದನ್ನು ನೆನಪಿಟ್ಟುಕೊಳ್ಳಿ.

ಫೋಟೋ ಹಾಕಿದ ಅರ್ಧ ಗಂಟೆಗೆ ಫೋನು ಶುರು. "ಲಾಸ್ಟ್ ಎಷ್ಟು?" ಎಂದು ಒಬ್ಬ. "ಐದು ಸಾವಿರಕ್ಕೆ ಕೊಡ್ತೀರಾ ಆಂಟಿ?" ಎಂದು ಇನ್ನೊಬ್ಬ. ಇಂದಿರಾನಗರದ ಒಬ್ಬಾಕೆಯಂತೂ ಮಾನಿಟರಿನಲ್ಲಿ ಗೆರೆ ಇದೆಯಾ, ಎಷ್ಟು ಹೊತ್ತಿಗೆ ಆನ್ ಆಗುತ್ತೆ, ಬಿಲ್ಲು ಇದೆಯಾ, ಯಾಕೆ ಮಾರುತ್ತಿದ್ದೀರಿ ಅಂತ ಪೊಲೀಸರ ಹಾಗೆ ಕೇಳಿದಳು. ನನಗೆ ಸಿಟ್ಟು ಬಂತು. ಕೊಳ್ಳುವುದಿದ್ದರೆ ಕೊಳ್ಳಲಿ, ಇಲ್ಲದಿದ್ದರೆ ಬಿಡಲಿ!

ಮಾರನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಒಂದು ಫೋನು. "ಜೈ ಹಿಂದ್ ಮೇಡಂ." ಹಿಂದಿಯಲ್ಲಿ ಮಾತು. ತಾನು ಸೈನ್ಯದಲ್ಲಿರುವವನು, ಈಗ ಹಲಸೂರು ಸೆಂಟರಿಗೆ ಬಂದಿದ್ದೇನೆ, ಮಕ್ಕಳಿಗೆ ಕಂಪ್ಯೂಟರ್ ಬೇಕು ಅಂದ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎರಡೂ ಕಳಿಸಿದ. ಬೆಲೆ ಹೇಳಿದೆ. "ಓಕೆ ಮೇಡಂ" ಅಂದ. ಅಷ್ಟೇ. ಎಂಟೂವರೆಗೆ ಕೊಡಿ ಅನ್ನಲಿಲ್ಲ, ಗೆರೆ ಇದೆಯಾ ಅನ್ನಲಿಲ್ಲ. ನನಗೋ ಅಪ್ಪನೇ ಎದುರು ನಿಂತ ಹಾಗಾಯಿತು.

ಡ್ಯೂಟಿ ಬಿಟ್ಟು ಬರಲು ಆಗುವುದಿಲ್ಲ, ಹಣ ಈಗಲೇ ಕಳಿಸುತ್ತೇನೆ, ನಾಳೆ ನಮ್ಮ ಗಾಡಿ ಬಂದು ಒಯ್ಯುತ್ತದೆ ಅಂದ. ಒಂದು ಕ್ಯೂಆರ್ ಚಿತ್ರ ಕಳಿಸಿ, ಮೊದಲು ಹತ್ತು ರೂಪಾಯಿ ಹಾಕಿ ನೋಡೋಣ, ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಒತ್ತಿ ಅಂದ. ಒತ್ತಿದೆ. ನನ್ನ ಹತ್ತು ಹೋಯಿತು, ಆ ಕ್ಷಣವೇ ಇಪ್ಪತ್ತು ಬಂತು. "ನೋಡಿದ್ರಾ ಮೇಡಂ?" ಆಮೇಲೆ ಇನ್ನೊಂದು ಚಿತ್ರ, ಒಂಬತ್ತು ಸಾವಿರದ್ದು. ಅದಕ್ಕೂ ಪಿನ್ ಒತ್ತಿದೆ. ಒಂಬತ್ತು ಸಾವಿರ ಬರಲಿಲ್ಲ, ಹೋಯಿತು. "ಸರ್ವರ್ ಪ್ರಾಬ್ಲಂ, ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಎರಡೂ ಸೇರಿ ಹದಿನೆಂಟು ವಾಪಸ್ ಬರುತ್ತೆ" ಅಂದಾಗ ಮೈ ತಣ್ಣಗಾಗಿ ಫೋನು ಇಟ್ಟುಬಿಟ್ಟೆ.

ಅದು ಮಗಳ ಕಾಲೇಜು ಫೀಸಿಗೆಂದು ಚೀಟಿ ಎತ್ತಿ ಇಟ್ಟಿದ್ದ ಹಣ.

ಎರಡು ದಿನ ಯಾರಿಗೂ ಹೇಳಲಿಲ್ಲ. ಸಾರಿಗೆ ಉಪ್ಪು ಹಾಕದೆ ಬಡಿಸಿದೆ, ಯಾರೋ ಫೋನು ಮಾಡಿದರೆ ಬೆಚ್ಚಿದೆ. ಮೂರನೆಯ ದಿನ ಮಗನೇ "ಏನಾಯ್ತಮ್ಮ?" ಅಂದಾಗ ಅತ್ತುಬಿಟ್ಟೆ. ಅವನು ೧೯೩೦ ಎಂಬ ಸಂಖ್ಯೆಗೆ ಫೋನು ಮಾಡಿಸಿದ. ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಂಖ್ಯೆ ಅದು. ನಮ್ಮ ದೂರು ಬಂದ ಕೂಡಲೇ, ಹಣ ಯಾವ ಯಾವ ಖಾತೆಗೆ ಹರಿದಿದೆಯೋ ಆ ಬ್ಯಾಂಕುಗಳಿಗೆ ತಿಳಿಸಿ, ಕಳ್ಳ ತೆಗೆಯುವ ಮುಂಚೆ ತಡೆಹಿಡಿಸುತ್ತಾರೆ. ಮೊದಲ ಗಂಟೆಯಲ್ಲೇ ಹೇಳಿದ್ದರೆ ಸಿಕ್ಕುವ ಸಾಧ್ಯತೆ ಇರುತ್ತಿತ್ತು. ನಾನು ನಾಚಿಕೆಯಿಂದ ಎರಡು ದಿನ ಕೂತಿದ್ದೆನಲ್ಲ, ಅಷ್ಟರಲ್ಲಿ ಅದು ಖಾತೆಯಿಂದ ಖಾತೆಗೆ ಹಾರಿ ಎಲ್ಲೋ ಹೋಗಿತ್ತು. ಠಾಣೆಯಲ್ಲಿ ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ "ಮಿಲ್ಟ್ರಿ ಹೆಸರು ಹೇಳಿದ್ನಾ? ನೀವೇ ಮೊದಲನೆಯವರಲ್ಲ ತಾಯಿ" ಅಂದರು. ದೇಶದಲ್ಲೆಲ್ಲ ನಡೆಯುವ ಮೋಸವಂತೆ. ನಿಜವಾದ ಸಿಪಾಯಿಗಳಿಗೆ ಅದರ ಗಾಳಿಯೂ ಗೊತ್ತಿರುವುದಿಲ್ಲ.

ತಂಗಿಯರೇ, ಅಕ್ಕಂದಿರೇ, ಹಣ ಬರಬೇಕಾದರೆ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಒತ್ತುವುದೆಂದರೆ ಪೆಟ್ಟಿಗೆಯ ಬೀಗ ತೆಗೆದು ನಾವೇ ಕೊಡುವುದು. ೨೦೨೫ರ ಅಕ್ಟೋಬರ್ ೧ರಿಂದ ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ 'ಹಣ ಕೊಡಿ' ಎಂದು ಕೋರಿಕೆ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಒಳ್ಳೆಯದಾಯಿತು. ಆದರೆ ಕ್ಯೂಆರ್ ಚಿತ್ರ ಕಳಿಸುವವನನ್ನು ಯಾರು ನಿಲ್ಲಿಸಿದ್ದಾರೆ?

ನಮ್ಮ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಮಾಡಿ ಕೈ ತೊಳೆಯುತ್ತಾ "ನಿಮ್ಮಪ್ಪ ಇದ್ದಿದ್ರೆ ಸೆಂಟರ್ ಗೇಟಿಗೇ ಹೋಗಿ ಕೇಳಿರೋರು" ಅಂದರು. ಅಷ್ಟು ಸಾಕಾಯಿತು. ಆ ಗೇಟು ನಮ್ಮ ಮನೆಯಿಂದ ಕಾಲು ಗಂಟೆಯ ನಡಿಗೆ. ನನಗೆ ಹೊಳೆಯಲೇ ಇಲ್ಲ.

ಆಮೇಲೆ ನಾನೇ ಆ ಇಂದಿರಾನಗರದ ಪೊಲೀಸಮ್ಮನಿಗೆ ಫೋನು ಮಾಡಿದೆ. ಸಿ.ಎಂ.ಎಚ್. ರಸ್ತೆಯ ಹಿಂದೆ ಮಕ್ಕಳಿಗೆ ಮನೆಪಾಠ ಹೇಳುವವರು. ಬಂದು, ಎರಡು ಗಂಟೆ ಕೂತು, ಕಂಪ್ಯೂಟರ್ ಹಚ್ಚಿ ಆರಿಸಿ ಹಚ್ಚಿ, ಕೀಲಿಮಣೆಯ ಒಂದೊಂದು ಗುಂಡಿ ಒತ್ತಿ, ಹಾರ್ಡ್ ಡಿಸ್ಕ್ ಇಲ್ಲವೆಂದು ಒಂದು ಸಾವಿರ, ಮೌಸ್ ಹಳತೆಂದು ಇನ್ನೂರು ಇಳಿಸಿ, ಕೊನೆಗೆ ಏಳು ಸಾವಿರ ನಗದು ಎಣಿಸಿ ಕೊಟ್ಟರು. ಎರಡು ಲೋಟ ಕಾಫಿಯೂ ಆಯಿತು. ಈಗಲೂ ಬರುತ್ತಾರೆ.

ಮಗನಿಗೆ ಹೊಸ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಚಿತ್ರ, ಆಟ ಚೆನ್ನಾಗಿ ಓಡಲು ಬೇಕಾದ ಸಾಮಾನಂತೆ, ಹೊಸದು ದುಬಾರಿ. ಆನ್‌ಲೈನಿನಲ್ಲೇ ಕೆ.ಆರ್. ಪುರದ ಒಬ್ಬ ಹುಡುಗ ಮಾರುವುದನ್ನು ಕಂಡ. "ಮುಂಗಡ ಕಳಿಸ್ಲಾ?" ಅಂದ. "ಕಾಸು ಕಳಿಸಬೇಡ, ನನ್ನನ್ನು ಕರೆದುಕೊಂಡು ಹೋಗು" ಅಂದೆ.

ದೀಪಾವಳಿಯ ಹಿಂದಿನ ವಾರ. ಹಲಸೂರಿನಲ್ಲಿ ಮೆಟ್ರೊ ಹತ್ತಿದೆವು. ೨೦೧೧ರಲ್ಲಿ ಮೊದಲು ಓಡಿದಾಗ ಬೈಯಪ್ಪನಹಳ್ಳಿಗೇ ನಿಂತುಹೋಗಿದ್ದ ದಾರಿ, ಆಗಷ್ಟೇ, ಅಕ್ಟೋಬರ್ ೯ರಂದು, ಕೆ.ಆರ್. ಪುರದವರೆಗೆ ಕೂಡಿಕೊಂಡಿತ್ತು. ಹಿಂದೆ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ಬೆವರು ಸುರಿಸುತ್ತಾ ಒಂದು ನಿದ್ದೆ ಮುಗಿಸಬಹುದಿತ್ತು. ಈಗ ಮೇಲಿನಿಂದ ಆ ಗಾಡಿಗಳ ಸಾಲನ್ನೇ ನೋಡಿಕೊಂಡು ಹೋಗಬಹುದು. ಇಂದಿರಾನಗರದ ಮರಗಳು ಮುಗಿದು, ಬೆನ್ನಿಗಾನಹಳ್ಳಿ ದಾಟಿದರೆ ತೂಗುಸೇತುವೆಯ ಹಗ್ಗಗಳು ಕಾಣುತ್ತವೆ. ೨೦೦೩ರಲ್ಲಿ ಅದು ಆದಾಗ ಹಲಸೂರಿನಿಂದ ಮಂದಿ ನೋಡಲೆಂದೇ ಹೋಗುತ್ತಿದ್ದೆವು. ಆಗ ಮಗ ಹುಟ್ಟಿರಲಿಲ್ಲ.

ಹುಡುಗನ ಮನೆ ರೈಲು ನಿಲ್ದಾಣದ ಹತ್ತಿರ, ಮೂರನೇ ಮಹಡಿ. ಬಾಗಿಲು ತೆಗೆದದ್ದು ಅವನ ತಾಯಿ. ಕೈಯೆಲ್ಲ ಹಿಟ್ಟು. ಹುಡುಗರಿಬ್ಬರೂ ಒಳಗೆ ಕಾರ್ಡನ್ನು ಅವನ ಕಂಪ್ಯೂಟರಿಗೇ ಜೋಡಿಸಿ, ಅರ್ಧ ಗಂಟೆ ಆಟ ಓಡಿಸಿ, ಬಿಸಿಯಾಗಿ ನಿಲ್ಲುತ್ತದೋ ನೋಡುವುದೆಂದಾಯಿತು. ಮಗ ಕೇಳಿದ: "ಇದರಲ್ಲಿ ಮೈನಿಂಗ್ ಮಾಡಿದ್ದೀಯಾ?"

ಅಡಿಗೆಮನೆಯಿಂದ ಆಕೆ ಕೂಗಿದರು: "ಮೈನಿಂಗಾ? ಅದು ಮುಚ್ಚೋಯ್ತಲ್ಲಪ್ಪ!"

ಎಲ್ಲರೂ ನಕ್ಕೆವು. ಆಕೆ ಕೆ.ಜಿ.ಎಫ್.ನವರು. ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ಇಳಿಯುತ್ತಿದ್ದವರು. ೨೦೦೧ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಅಣ್ಣಂದಿರು ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಬಂದು ದುಡಿದರಂತೆ, ಇವರು ಮದುವೆಯಾಗಿ ಇಲ್ಲೇ ಇಳಿದರಂತೆ. ಹುಡುಗರು ಕೇಳಿದ ಮೈನಿಂಗ್ ಬೇರೆಯದು. ಬಿಟ್‌ಕಾಯಿನ್ ಥರದ ಕಾಣದ ಹಣ ಸಂಪಾದಿಸಲು ಇಂಥ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. ಅದರಿಂದಲೂ ೨೦೨೧ರಲ್ಲಿ ಇವುಗಳಿಗೆ ಇನ್ನಿಲ್ಲದ ಬರ. ೨೦೨೨ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ಎಂಬ ಹಣ ಆ ಪದ್ಧತಿಯನ್ನೇ ಬಿಟ್ಟಿತು. ಆಗ ದುಡಿದು ಸವೆದ ಕಾರ್ಡುಗಳೆಲ್ಲ ಮಾರಾಟಕ್ಕೆ ಬಂದವು. ಅದಕ್ಕೇ ಆ ಪ್ರಶ್ನೆ. ಹುಡುಗ ತನ್ನ ಬಿಲ್ಲು ತಂದು ತೋರಿಸಿದ. ಅದರ ಸಂಖ್ಯೆಯೂ ಕಾರ್ಡಿನ ಮೇಲಿನ ಸಂಖ್ಯೆಯೂ ಒಂದೇ ಇದ್ದವು.

ಹಳೆಯ ಮೊಬೈಲು ಕೊಳ್ಳುವವರೂ ಹೀಗೆ ಸಂಖ್ಯೆ ನೋಡಬೇಕು ಅಂದ ಆ ಹುಡುಗ. *#೦೬# ಒತ್ತಿದರೆ ಹದಿನೈದು ಅಂಕಿ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಅಂಕಿ ಸೇರಿಸಿ ೧೪೪೨೨ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ, ಅದು ಕಳವಾಗಿದೆಯೆಂದು ತಡೆಹಿಡಿದ ಫೋನೋ ಅಲ್ಲವೋ ಗೊತ್ತಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ನಾನು ಆಕೆಯ ಜೊತೆ ಮುರುಕ್ಕು ಒತ್ತಿದೆ. ನಾವು ಚಕ್ಕುಲಿಗೆ ಉದ್ದು ಹುರಿದು ಬೀಸಿದರೆ ಆಕೆ ಅಕ್ಕಿಹಿಟ್ಟಿಗೆ ಹುರಿಗಡಲೆ ಪುಡಿ, ಒಂದು ಸೌಟು ಕಾಯಿಸಿದ ಎಣ್ಣೆ ಹಾಕುತ್ತಾರೆ. ಬಾಯಲ್ಲಿಟ್ಟರೆ ಕರಗುತ್ತದೆ. ನನ್ನ ಒಂಬತ್ತು ಸಾವಿರದ ಕಥೆಯನ್ನೂ ಹೇಳಿದೆ. ಅಪರಿಚಿತರ ಅಡಿಗೆಮನೆಯಲ್ಲಿ ಯಾಕೆ ಹೇಳಿದೆನೋ! ಆಕೆ ಕೈ ನಿಲ್ಲಿಸಿ "ನಮ್ಮೆಜಮಾನ್ರು ಇಪ್ಪತ್ತೆರಡು ಕಳಕೊಂಡ್ರು ಅಕ್ಕಾ. ಯಾರಿಗೂ ಹೇಳಬೇಡ ಅಂದಿದ್ದಾರೆ" ಅಂದರು.

ಹುಡುಗ ಹನ್ನೊಂದು ಸಾವಿರ ಅಂದಿದ್ದ. ನಾನು ಹತ್ತು ಅಂದೆ. ಆಕೆ ಮಗನ ಕಡೆ ನಿಂತರು, ನಾನು ಚಪ್ಪಲಿ ಹಾಕಿಕೊಂಡೆ, ಹತ್ತೂವರೆಗೆ ಮುಗಿಯಿತು. ಹಣ ಕಳಿಸಲು ಪಿನ್ ಒತ್ತುವಾಗ ಬೆರಳು ನಡುಗಿತು. "ಅಮ್ಮಾ, ಈಗ ನಾವು ಕೊಡ್ತಾ ಇರೋದು, ಒತ್ತು" ಅಂದ ಮಗ. ಆ ಕಾರ್ಡು ಇಂದಿಗೂ ಓಡುತ್ತಿದೆ.

ಅಟ್ಟದ ಮೇಲಿದ್ದ ಎರಡು ಜಾರಿನ ಮಿಕ್ಸಿಯ ಫೋಟೋವನ್ನು ಮೊನ್ನೆ ನಾನೇ ಹಾಕಿದೆ. ಮರ್ಫಿ ಟೌನಿನಿಂದ ಒಬ್ಬಾಕೆ ಮೂರು ಸಲ ಫೋನು ಮಾಡಿದ್ದಾರೆ. ಬೆಲೆ ಜಾಸ್ತಿಯಾಯಿತಂತೆ, ಜಾರಿನ ರಬ್ಬರು ಸವೆದಿರಬೇಕಂತೆ, ಭಾನುವಾರ ಬಂದು ತಾವೇ ರುಬ್ಬಿ ನೋಡುತ್ತಾರಂತೆ. ಉದ್ದು ನೆನೆಹಾಕಿಡುತ್ತೇನೆ ಬನ್ನಿ ಅಂದಿದ್ದೇನೆ.