ಪಾವಗಡದ ಬಿಸಿಲು, ಶರಾವತಿಯ ನೀರು

ವಿದ್ಯುತ್ತು ಕಣಜದಲ್ಲಿ ತುಂಬಿಡುವ ಧಾನ್ಯದಂತಹುದಲ್ಲ. ನಾಡಿನಲ್ಲಿ ಎಷ್ಟು ದೀಪಗಳು ಉರಿಯುತ್ತಿವೆಯೋ, ಎಷ್ಟು ಪಂಪುಸೆಟ್ಟುಗಳು ನೀರೆತ್ತುತ್ತಿವೆಯೋ, ಅಷ್ಟೇ ವಿದ್ಯುತ್ತು ಆ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ಈ ಸಮತೂಕವನ್ನು ತೋರುವ ಸೂಚಕವೇ ಆವರ್ತನ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50. ಬೇಡಿಕೆ ಮಿಗಿಲಾದರೆ ಉತ್ಪಾದನಾ ಯಂತ್ರಗಳ ಭಾರಿ ಚಕ್ರಗಳು ಬಳಲಿ ಆವರ್ತನ ಇಳಿಯುವುದು; ಉತ್ಪಾದನೆ ಮಿಗಿಲಾದರೆ ಏರುವುದು. 49.90ರಿಂದ 50.05ರ ಒಳಗೆ ಅದನ್ನು ಹಿಡಿದಿಡಬೇಕೆಂಬುದು ನಿಯಮ. ತಂಬೂರಿಯ ಶ್ರುತಿ ಕೂಡ ಇಷ್ಟು ಕಟ್ಟುನಿಟ್ಟಲ್ಲವೆನ್ನಬಹುದು.

ಈ ಲಯ ತಪ್ಪಿದರೆ ಏನಾಗುವುದೆಂಬುದನ್ನು 2012ರ ಜುಲೈ 30 ಮತ್ತು 31ರಂದು ದೇಶ ಕಂಡಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾರತದ ಜಾಲಗಳೆಲ್ಲ ಕುಸಿದು ಕೋಟಿ ಕೋಟಿ ಜನರು ಕತ್ತಲಲ್ಲಿ ಉಳಿದರು. ದಕ್ಷಿಣದ ಜಾಲ ಆಗ ಪ್ರತ್ಯೇಕ ಆವರ್ತನದಲ್ಲಿ ನಡೆಯುತ್ತಿದ್ದುದರಿಂದ ಪಾರಾಯಿತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಮಾರ್ಗ ಆ ಭೇದವನ್ನು ಅಳಿಸಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಲಯ. ಕೊರತೆಯ ಕಾಲಕ್ಕೆ ದೂರದ ವಿದ್ಯುತ್ತು ನಮಗೆ ದೊರೆಯುವುದು ದಿಟ. ದೂರದ ತಪ್ಪಿನಲ್ಲಿ ನಮಗೂ ಪಾಲು ಬರುವುದೂ ಅಷ್ಟೇ ದಿಟ.

ಇಂತಹ ಸೂಕ್ಷ್ಮ ಜಾಲಕ್ಕೆ ಸೂರ್ಯನನ್ನೂ ವಾಯುವನ್ನೂ ಹೂಡುವುದು ಸುಲಭದ ಕಾಯಕವೇ? ಪಾವಗಡದ ಬರಭೂಮಿಯಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ರೈತರು ಸುಮಾರು 13,000 ಎಕರೆ ಹೊಲವನ್ನು ಮಾರದೆ ಗೇಣಿಗೆ ಕೊಟ್ಟರು. 2019ರ ಹೊತ್ತಿಗೆ ಅಲ್ಲಿ 2,050 ಮೆಗಾವಾಟಿನ ಸೌರಸ್ಥಾವರ ಎದ್ದು ನಿಂತಿತು. ಮಳೆಯನ್ನು ತಡೆದ ಆಕಾಶವೇ ಬೆಳಕನ್ನು ಬೆಳೆಯಾಗಿ ಕೊಟ್ಟಿತು. ಆದರೆ ಆ ಬೆಳೆಗೆ ಕಾಲದ ಕಟ್ಟುಂಟು. ಒಂದು ಮೋಡ ಸುಳಿದರೆ ಇಳುವರಿ ಕುಗ್ಗುವುದು. ಮನೆಮನೆಯಲ್ಲಿ ದೀಪ ಹಚ್ಚುವ ಮುಸ್ಸಂಜೆಯಲ್ಲಿಯೇ ಪೂರ್ತಿ ಬತ್ತುವುದು. ಮೇಲಾಗಿ ಸೌರಫಲಕದಲ್ಲಿ ತಿರುಗುವ ಚಕ್ರವಿಲ್ಲ. ಆಕಸ್ಮಿಕ ಪೆಟ್ಟನ್ನು ತಾಳಿಕೊಳ್ಳುವ ಜಡಶಕ್ತಿ ಅದಕ್ಕೆ ಸಹಜವಾಗಿ ಬಂದುದಲ್ಲ.

ಆದುದರಿಂದಲೇ ನಿಯಂತ್ರಣ ಅಗತ್ಯವಾಯಿತು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2015ರಲ್ಲಿ ರೂಪಿಸಿದ ನಿಯಮದಂತೆ ಗಾಳಿ ಹಾಗೂ ಸೌರ ಉತ್ಪಾದಕರು ನಾಳಿನ ಉತ್ಪಾದನೆಯನ್ನು ಇಂದೇ ಅಂದಾಜಿಸಿ ತಿಳಿಸಬೇಕಾಯಿತು. ದಿನವನ್ನು ಕಾಲುಗಂಟೆಯ 96 ಪಾಲುಗಳಾಗಿ ಒಡೆದು ಪ್ರತಿ ಪಾಲಿಗೂ ಲೆಕ್ಕ; ಶೇಕಡಾ 15ರವರೆಗಿನ ತಪ್ಪಿಗೆ ಕ್ಷಮೆ, ಅದನ್ನು ಮೀರಿದರೆ ದಂಡ. ಗಾಳಿಗೆ ಪಂಚಾಂಗ ಬರೆಯಹೊರಟ ಈ ಸಾಹಸ ಮೊದಲಿಗೆ ನಗೆ ತರಿಸೀತು. ಆದರೂ ಅದು ನ್ಯಾಯವೇ. ಒಬ್ಬನ ಅಂದಾಜು ಕೆಟ್ಟರೆ ಕತ್ತಲಾಗುವುದು ಇನ್ನೊಬ್ಬನ ಮನೆ.

ಲೆಕ್ಕ ತಪ್ಪಿದಾಗ ಕೈಹಿಡಿಯುವವಳು ಶರಾವತಿ. ಕಲ್ಲಿದ್ದಲ ಕುಲುಮೆಯನ್ನು ಆರಿಸಿ ಹೊತ್ತಿಸಲು ಗಂಟೆಗಟ್ಟಲೆ ಬೇಕು. 1,035 ಮೆಗಾವಾಟಿನ ಶರಾವತಿ ಕೇಂದ್ರದ ಯಂತ್ರಗಳಿಗೆ ಕೆಲವೇ ನಿಮಿಷ ಸಾಕು. ಆದರೆ 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬದೆ ಹೋದಾಗ ಈ ಆಸರೆಯೂ ಸಡಿಲಿತು. ಆ ಅಕ್ಟೋಬರಿನಲ್ಲಿ ಒಣಗುವ ಪೈರಿನ ಮುಂದೆ ನಿಂತ ರೈತನಿಗೆ ಪಂಪುಸೆಟ್ಟಿನ ವಿದ್ಯುತ್ತು ಸಾಲದಾಯಿತು. ಸರ್ಕಾರ ಕಾಯಿದೆಯ 11ನೆಯ ಪ್ರಕರಣವನ್ನು ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ತು ಕೊಡತಕ್ಕದ್ದೆಂದು ಆಜ್ಞೆ ಮಾಡಬೇಕಾಯಿತು.

ಹಗಲಿನ ಮಿಗುತೆಯಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಏರಿಸಿ ಸಂಜೆ ಇಳಿಸುವ 2,000 ಮೆಗಾವಾಟಿನ ಯೋಜನೆ ಈ ಚಿಂತೆಯ ಫಲ. ಏರಿಸಲು ನೂರು ಪಾಲು ವ್ಯಯಿಸಿದರೆ ಮರಳುವುದು ಎಪ್ಪತ್ತೈದೋ ಎಂಬತ್ತೋ. ಆದರೂ ವ್ಯರ್ಥವಾಗುವ ಬಿಸಿಲಿಗಿಂತ ಅದು ಲೇಸೆಂದು ಎಂಜಿನಿಯರರ ವಾದ. ಸ್ಥಳವೋ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿಯ ಜನ ಒಪ್ಪದಿರುವುದಕ್ಕೆ ಕಾರಣವಿಲ್ಲದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಕುಟುಂಬಗಳಲ್ಲಿ ಹಲವು, ನಾಡಿಗೆಲ್ಲ ಬೆಳಕು ಕೊಟ್ಟ ಮೇಲೆಯೂ, ತಾವು ನೆಲೆನಿಂತ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತುತ್ತಲೇ ಇವೆ.