ಸೀಡರ್ ಪಾಯಿಂಟ್: ಉಕ್ಕಿನ ಬೆಟ್ಟಗಳ ನಡುವೆ ಒಂಟಿ ದಿನ

ಅಮೆರಿಕದ ಓಹಾಯೊ ರಾಜ್ಯದ ಸ್ಯಾಂಡಸ್ಕಿ ಎಂಬ ಪುಟ್ಟ ಊರನ್ನು ದಾಟಿ, ಕೊಲ್ಲಿಯ ನೀರಿನ ಮೇಲೆ ಕೆರೆ ಏರಿಯಂತೆ ಹಾಸಿರುವ ರಸ್ತೆಗೆ ತಿರುಗುತ್ತಿದ್ದಂತೆಯೇ ಅದು ಕಾಣಿಸಿಕೊಳ್ಳುತ್ತದೆ. ಮೊದಲ ನೋಟಕ್ಕೆ ಅರ್ಧ ಕಟ್ಟಿ ಬಿಟ್ಟ ಸೇತುವೆಗಳನ್ನೆಲ್ಲ ತಂದು ಒಂದೇ ಕಡೆ ನಿಲ್ಲಿಸಿದಂತೆ ತೋರುತ್ತದೆ. ಏರಿ, ಬಾಗಿ, ತಲೆಕೆಳಗಾಗಿ, ಮತ್ತೆ ಏರುವ ಕಂಬಿಗಳು. ಸ್ವಲ್ಪ ಹತ್ತಿರವಾದಾಗ ಅವುಗಳ ಮೇಲೆ ಏನೋ ಚಲಿಸುವುದು ಕಾಣುತ್ತದೆ. ಅದಾದ ಮೇಲೆ ಗಾಳಿಯಲ್ಲಿ ತೇಲಿ ಬರುತ್ತದೆ ನೂರಾರು ಜನರ ಕಿರುಚಾಟ!

ಇದೇ ಸೀಡರ್ ಪಾಯಿಂಟ್. ಈರಿ ಸರೋವರದೊಳಕ್ಕೆ ಚಾಚಿದ ನೆಲದ ತುದಿಯಲ್ಲಿ 364 ಎಕರೆ ಹರಡಿಕೊಂಡಿರುವ ಮನರಂಜನಾ ಪಾರ್ಕು. 1870ರಲ್ಲಿ ಸರೋವರ ಸ್ನಾನಕ್ಕೆ ಬರುವವರ ತಾಣವಾಗಿ ಶುರುವಾದದ್ದು. 1892ರಲ್ಲಿ ಇಲ್ಲಿ ಮೊದಲ ರೋಲರ್ ಕೋಸ್ಟರ್ ಬಂದಾಗ ಅದರ ಎತ್ತರ ಕೇವಲ 25 ಅಡಿ. ಅಂದಿನವರು ಅದಕ್ಕೇ ಬೆಚ್ಚಿರಬೇಕು. 2025ರ ಬೇಸಿಗೆಯಲ್ಲಿ ಇಲ್ಲಿದ್ದ ರೋಲರ್ ಕೋಸ್ಟರ್‌ಗಳು ಹದಿನೆಂಟು. ಅತಿ ಎತ್ತರದ್ದು 420 ಅಡಿ, ಅಂದರೆ ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬರ ಮೇಲೊಬ್ಬರಂತೆ ಏಳು ಸಲ ನಿಲ್ಲಿಸಿದರೂ ಮುಟ್ಟಲಾಗದಷ್ಟು.

ಇಂಥ ಜಾಗಕ್ಕೆ ಜನ ಗುಂಪುಗುಂಪಾಗಿ ಬರುತ್ತಾರೆ. ಗೆಳೆಯರ ದಂಡು, ಅಪ್ಪ ಅಮ್ಮ ಮಕ್ಕಳು, ಶಾಲೆಯ ಬಸ್ಸುಗಳು. ಅವರ ನಡುವೆ ಒಬ್ಬಂಟಿಯಾಗಿ ಬಂದವರೂ ಇರುತ್ತಾರೆ. ಹೊರಗಿನಿಂದ ನೋಡುವವರಿಗೆ ಪಾಪ ಎನ್ನಿಸಬಹುದು. ಆದರೆ ಇಡೀ ದಿನ ಕಳೆದ ಮೇಲೆ ಈ ಪಾರ್ಕಿನ ಒಳಗುಟ್ಟನ್ನು ಹೆಚ್ಚು ತಿಳಿದುಕೊಂಡು ಹೋಗುವವರು ಬಹುಶಃ ಅವರೇ. ಏಕೆಂದರೆ ಅವರನ್ನು ‘ಬಾ, ಹೆದರಬೇಡ’ ಎಂದು ಎಳೆಯುವವರಿಲ್ಲ. ‘ಬೇಡ, ಹೋಗಬೇಡ’ ಎಂದು ತಡೆಯುವವರೂ ಇಲ್ಲ. ತಮ್ಮ ಹೆದರಿಕೆಯನ್ನು ತಾವೇ ತೂಗಿ ನೋಡಬೇಕು.

ಬಾಗಿಲಲ್ಲೇ ಪರೀಕ್ಷೆ

ಪರೀಕ್ಷೆ ಬಾಗಿಲಲ್ಲೇ ಶುರು. 2013ರಲ್ಲಿ ಕಟ್ಟಿದ ‘ಗೇಟ್‌ಕೀಪರ್’ ಮುಖ್ಯದ್ವಾರದ ಮೇಲೆಯೇ ಹಾರಿ ಹೋಗುತ್ತದೆ. ಟಿಕೆಟ್ ಹಿಡಿದು ನಿಂತವರ ತಲೆಯ ಮೇಲೆ, ಎರಡು ಗೋಪುರಗಳ ಕಿಂಡಿಗಳಲ್ಲಿ ನುಸುಳುತ್ತ, ಕಾಲು ಜೋಲಾಡಿಸಿಕೊಂಡು ಮನುಷ್ಯರು ಮಗುಚುತ್ತ ಸಾಗುತ್ತಾರೆ. ಒಳಗೆ ಕಾಲಿಡುವ ಮುನ್ನವೇ ಹೊಟ್ಟೆಯಲ್ಲಿ ತಳಮಳ.

ಜಾಣರು ಮೊದಲು ಹೋಗುವುದು ‘ಬ್ಲೂ ಸ್ಟ್ರೀಕ್’ ಕಡೆಗೆ. 1964ರ ಮರದ ಕೋಸ್ಟರ್ ಇದು. ಎತ್ತರ 78 ಅಡಿ, ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. ಗಾಡಿ ಮೊದಲ ಏರನ್ನು ಹತ್ತುವಾಗ ‘ಟಕ್ ಟಕ್ ಟಕ್’ ಎಂಬ ಸದ್ದು ಕೇಳುತ್ತದೆ. ಸರಪಳಿ ಹಳೆಯದಾಗಿ ಸದ್ದು ಮಾಡುತ್ತಿದೆ ಎಂದು ಹೊಸಬರು ಅಂಜುತ್ತಾರೆ. ನಿಜಕ್ಕೂ ಅದು ಧೈರ್ಯ ಹೇಳುವ ಸದ್ದು. ಗಾಡಿಯ ತಳದಲ್ಲಿರುವ ಕೊಕ್ಕೆ, ಹಳಿಯ ನಡುವಿನ ಹಲ್ಲುಗಳ ಮೇಲೆ ಒಂದೊಂದಾಗಿ ಬಿದ್ದು ಏಳುತ್ತಿರುತ್ತದೆ. ಸರಪಳಿ ಕಡಿದರೂ ಗಾಡಿ ಹಿಂದಕ್ಕೆ ಜಾರದಂತೆ ಆ ಕೊಕ್ಕೆ ಹಿಡಿದು ನಿಲ್ಲಿಸುತ್ತದೆ.

ಇನ್ನೊಂದು ಉಪಾಯ ಕಣ್ಣಿಗೇ ಬೀಳುವುದಿಲ್ಲ. ಗಾಡಿಗೆ ಮೂರು ಬಗೆಯ ಗಾಲಿಗಳಿವೆ. ಹಳಿಯ ಮೇಲೆ ಉರುಳುವುದು ಒಂದು, ಪಕ್ಕಕ್ಕೆ ಒತ್ತಿಕೊಳ್ಳುವುದು ಇನ್ನೊಂದು, ಹಳಿಯ ಅಡಿಯಿಂದ ಹಿಡಿದುಕೊಳ್ಳುವುದು ಮೂರನೆಯದು. ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಈ ಮೂರನೆಯ ಗಾಲಿಗೆ ಪೇಟೆಂಟ್ ಪಡೆದ. ಅದಿಲ್ಲದೆ ಗಾಡಿ ದಿಣ್ಣೆಯ ನೆತ್ತಿಯಲ್ಲಿ ಹಳಿ ಬಿಟ್ಟು ಹಾರಿಹೋದೀತು. ಮೂರೂ ಸೇರಿದ ಮೇಲೆ ಗಾಡಿ ತಲೆಕೆಳಗಾದರೂ ಹಳಿಯನ್ನು ಬಿಡುವಂತಿಲ್ಲ.

ಪಠ್ಯಪುಸ್ತಕ ಉರುಳುವ ಜಾಗ

ಸರೋವರದ ದಂಡೆಯುದ್ದಕ್ಕೂ ಓಡುವ ‘ಮ್ಯಾಗ್ನಮ್’ 1989ರಲ್ಲಿ ಬಂದಾಗ ದೊಡ್ಡ ಸುದ್ದಿ. 205 ಅಡಿ ಎತ್ತರ! ಒಂದು ಸುತ್ತು ಪೂರ್ತಿ ಓಡುವ ಕೋಸ್ಟರೊಂದು 200 ಅಡಿ ದಾಟಿದ್ದು ಅದೇ ಮೊದಲು. ಅದರ ನೆತ್ತಿಯಲ್ಲಿ ಒಂದು ಕ್ಷಣ ಎದುರು ದಡವೇ ಕಾಣದ ನೀಲಿ ನೀರು, ಕೆಳಗೆ ಮರಳ ದಂಡೆಯಲ್ಲಿ ಇರುವೆಯಂಥ ಜನ. ಮರುಕ್ಷಣ ಎಲ್ಲವೂ ಕಿವಿಯ ಬಳಿ ಗಾಳಿಯಾಗಿಬಿಡುತ್ತದೆ. ಮುಂದಿನ ದಿಣ್ಣೆಗಳಲ್ಲಿ ದೇಹ ಸೀಟಿನಿಂದ ಮೇಲೇಳುತ್ತದೆ. ಗಾಡಿ ಹಳಿಯೊಂದಿಗೆ ಕೆಳಗೆ ಬಾಗಿದರೂ ದೇಹ ತನ್ನ ದಾರಿಯಲ್ಲೇ ಮುಂದೆ ಹೋಗಲು ನೋಡುತ್ತದೆ. ತೊಡೆಯ ಮೇಲಿನ ಸರಳು ಅದನ್ನು ಹಿಡಿದು ಕೆಳಗೆ ತರುತ್ತದೆ. ಜಡತ್ವದ ನಿಯಮವನ್ನು ಬಾಯಿಪಾಠ ಮಾಡಿದವರಿಗೆ ಅದು ಹೊಟ್ಟೆಗೂ ಅರ್ಥವಾಗುವುದು ಇಲ್ಲಿ.

ಒಂಟಿ ಸವಾರರಿಗೆ ಇಲ್ಲೊಂದು ಲಾಭವೂ ಉಂಟು. ಸೀಟುಗಳು ಎರಡೆರಡಾಗಿ ಇರುವುದರಿಂದ ಮೂವರ ಗುಂಪು ಬಂದಾಗ ಒಂದು ಸೀಟು ಉಳಿಯುತ್ತದೆ. ‘ಒಬ್ಬರೇ ಯಾರಿದ್ದೀರಿ?’ ಎಂದು ಸಿಬ್ಬಂದಿ ಕೇಳಿದಾಗ ಕೈ ಎತ್ತಿದರೆ ಸಾಕು. ಪಕ್ಕದಲ್ಲಿ ಹೆಸರು ಗೊತ್ತಿಲ್ಲದ ಯಾರೋ ಅಜ್ಜ, ಯಾರೋ ಹುಡುಗಿ. ಎರಡು ನಿಮಿಷ ಜೊತೆಯಲ್ಲಿ ಕಿರುಚಿ, ಇಳಿಯುವಾಗ ಒಂದು ನಗೆ ವಿನಿಮಯ. ಮತ್ತೆ ಹೋಗಿ ಈ ಸಲ ಕೊನೆಯ ಸೀಟಿನಲ್ಲಿ ಕೂತರೆ ಅದೇ ಹಳಿ ಬೇರೆಯದೇ ಅನುಭವ ಕೊಡುತ್ತದೆ. ಮುಂದಿನ ಸೀಟಿನವರು ನೆತ್ತಿ ದಾಟುವಾಗ ಗಾಡಿಯಿನ್ನೂ ನಿಧಾನ. ಹಿಂದಿನವರು ನೆತ್ತಿಗೆ ಬರುವಷ್ಟರಲ್ಲಿ ಮುಂದಿನ ಭಾಗ ಇಳಿಯತೊಡಗಿರುತ್ತದೆ, ಆದ್ದರಿಂದ ಅವರನ್ನು ದರದರನೆ ಎಳೆದುಕೊಂಡು ಹೋಗುತ್ತದೆ.

ಸ್ವಲ್ಪ ನಡೆದರೆ ಜನ ಓಡಾಡುವ ದಾರಿಯ ಮೇಲೆಯೇ ಸುರುಳಿ ಸುತ್ತುವ ‘ಕಾರ್ಕ್‌ಸ್ಕ್ರೂ’. 1976ರ ಈ ಕೋಸ್ಟರ್, ಸವಾರರನ್ನು ಮೂರು ಬಾರಿ ತಲೆಕೆಳಗು ಮಾಡಿದವುಗಳಲ್ಲಿ ಮೊದಲನೆಯದು. ತಲೆಕೆಳಗು ಮಾಡುವ ಆಸೆ ಬಹಳ ಹಳೆಯದು. 1895ರಲ್ಲೇ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಪೂರ್ಣ ವೃತ್ತದ ಸುತ್ತೊಂದನ್ನು ಕಟ್ಟಿದ್ದರು. ಅದರಲ್ಲಿ ಕೂತವರಿಗೆ ಕುತ್ತಿಗೆ ನೋವು ಬಂದದ್ದೇ ಲಾಭ! ವೃತ್ತದ ಬುಡಕ್ಕೆ ಬಂದಾಗ ದೇಹದ ತೂಕ ಒಮ್ಮೆಗೇ ಹಲವು ಪಟ್ಟು ಏರಿಬಿಡುತ್ತಿತ್ತು. ಇದಕ್ಕೆ ಪರಿಹಾರವೆಂದರೆ ಸುತ್ತು ದುಂಡಗಿರದೆ ನೀರಹನಿಯ ಆಕಾರದಲ್ಲಿರುವುದು. ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು. 1976ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್‌ನಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ ‘ರೆವಲ್ಯೂಷನ್’ ಇದನ್ನು ಮಾಡಿ ತೋರಿಸಿತು. ಕುತ್ತಿಗೆ ಉಳಿಸಿದ್ದು ಗಣಿತ.

ಎರಡು ಎತ್ತರಗಳು

ಮಧ್ಯಾಹ್ನ ಮರದ ನೆರಳಲ್ಲಿ ಕೂತು, ವಿನಿಗರ್ ಚಿಮುಕಿಸಿದ ಬಿಸಿ ಆಲೂಗಡ್ಡೆ ಫ್ರೈಸ್ ತಿನ್ನುವುದು ಈ ಪಾರ್ಕಿನ ಹಳೆಯ ಸಂಪ್ರದಾಯ. ಹಾಗೆ ಕೂತವರ ಕಣ್ಣು ಒಮ್ಮೆಯಾದರೂ 420 ಅಡಿಯ ಆ ಗೋಪುರದ ಮೇಲೆ ಬೀಳದೆ ಇರದು.

2003ರಲ್ಲಿ ಅದು ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ ಆಗಿ ತೆರೆದಾಗ ಸರಪಳಿಯಿಂದ ಏರಿಸುವ ಪದ್ಧತಿಯೇ ಅದಕ್ಕಿರಲಿಲ್ಲ. ನೆಲಮಟ್ಟದಲ್ಲೇ ಸುಮಾರು ನಾಲ್ಕು ಸೆಕೆಂಡಿನಲ್ಲಿ ಗಂಟೆಗೆ 193 ಕಿಲೋಮೀಟರ್ ವೇಗಕ್ಕೆ ತಳ್ಳಿ ಬಿಡುವುದು, ಆ ಓಟದಲ್ಲೇ ಗಾಡಿ ನೆಟ್ಟಗೆ ಮೇಲೇರಬೇಕು. ಪಿಯುಸಿ ವಿದ್ಯಾರ್ಥಿ ಇಲ್ಲೊಂದು ಲೆಕ್ಕ ಮಾಡಬಹುದು. 128 ಮೀಟರ್ ಏರಲು ಬೇಕಾದ ಕನಿಷ್ಠ ವೇಗ ಗಂಟೆಗೆ ಸುಮಾರು 180 ಕಿಲೋಮೀಟರ್. ಗಾಳಿ ಮತ್ತು ಘರ್ಷಣೆಗೆಂದು ಉಳಿದಿರುವುದು ಬರೀ 13. ಗಾಳಿ ಎದುರಾಗಿ ಬೀಸಿದರೆ ಒಮ್ಮೊಮ್ಮೆ ಗಾಡಿ ನೆತ್ತಿ ದಾಟದೆ ಹಿಂದಕ್ಕೆ ಜಾರುತ್ತಿತ್ತು! ಕೆಳಗಿನಿಂದ ನೋಡುವವರಿಗೆ ಅದು ಅನಾಹುತ. ಕಟ್ಟಿದವರಿಗೆ ಮೊದಲೇ ಗೊತ್ತಿದ್ದ ಸಂಗತಿ. ಹಿಂದೆ ಜಾರಿದ ಗಾಡಿಯನ್ನು ಮೆಲ್ಲಗೆ ನಿಲ್ಲಿಸುವ ಬ್ರೇಕ್‌ಗಳು ಹಳಿಯಲ್ಲೇ ಕಾದಿರುತ್ತಿದ್ದವು.

ನಿಜವಾದ ಅನಾಹುತ ಬಂದದ್ದು ಬೇರೆ ದಿಕ್ಕಿನಿಂದ. 2021ರ ಆಗಸ್ಟ್‌ನಲ್ಲಿ ಗಾಡಿಯಿಂದ ಕಳಚಿದ ಲೋಹದ ತುಂಡೊಂದು, ಸರದಿಯ ಸಾಲಿನಲ್ಲಿ ನಿಂತಿದ್ದ ಮಹಿಳೆಗೆ ಬಡಿದು ಅವರು ತೀವ್ರವಾಗಿ ಗಾಯಗೊಂಡರು. ಓಹಾಯೊದಲ್ಲಿ ಇಂಥ ಸವಾರಿಗಳ ತಪಾಸಣೆ ರಾಜ್ಯದ ಕೃಷಿ ಇಲಾಖೆಯ ಹೊಣೆ. ಇಲಾಖೆ ತನಿಖೆ ನಡೆಸಿತು. ಆ ರೂಪದಲ್ಲಿ ಡ್ರ್ಯಾಗ್‌ಸ್ಟರ್ ಮತ್ತೆ ಓಡಲಿಲ್ಲ. ಎರಡನೆಯ ಗೋಪುರ, ಹೊಸ ಗಾಡಿಗಳೊಂದಿಗೆ ‘ಟಾಪ್ ಥ್ರಿಲ್ 2’ ಎಂಬ ಹೆಸರಿನಲ್ಲಿ 2024ರ ಮೇ ತಿಂಗಳಲ್ಲಿ ತೆರೆದರೂ, ಗಾಡಿಗಳನ್ನು ತಿದ್ದಬೇಕಾಗಿ ಬಂದು ಕೆಲವೇ ದಿನಗಳಲ್ಲಿ ನಿಂತು, 2025ರಲ್ಲಿ ಮತ್ತೆ ಶುರುವಾಯಿತು.

ಹೆತ್ತವರು ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಜನ ಹೆದರುತ್ತಿದ್ದದ್ದು 420 ಅಡಿಯ ನೆತ್ತಿಗೆ. ಪೆಟ್ಟು ಬಿದ್ದದ್ದು ನೆಲದ ಮೇಲೆ ನಿಂತವರಿಗೆ. ಹೆದರಿಕೆ ಬೇರೆ, ಅಪಾಯ ಬೇರೆ. ಹೆದರಿಕೆ ಎಷ್ಟು ಎಂದು ಎದೆ ಹೇಳುತ್ತದೆ. ಅಪಾಯ ಎಷ್ಟು ಎಂದು ಹೇಳಬೇಕಾದದ್ದು ಮುಂಜಾನೆ ಬೋಲ್ಟು, ಗಾಲಿ, ಬ್ರೇಕುಗಳನ್ನು ಪರೀಕ್ಷಿಸುವ ಕೆಲಸಗಾರ. ಬಾಗಿಲು ತೆರೆಯುವ ಮೊದಲು ಪ್ರತಿ ಕೋಸ್ಟರ್ ಖಾಲಿ ಸೀಟುಗಳೊಂದಿಗೆ ಓಡುವುದನ್ನು ಬೆಳಿಗ್ಗೆ ಬೇಗ ಬಂದವರು ಕಾಣಬಹುದು.

ಎತ್ತರ ಅಳೆಯುವ ಕೋಲಿನ ಕಥೆಯೂ ಇದೇ. ‘ಮ್ಯಾಗ್ನಮ್’ಗೆ 48 ಅಂಗುಲ, ‘ಸ್ಟೀಲ್ ವೆಂಜನ್ಸ್’ಗೆ 52. ಅರ್ಧ ಅಂಗುಲ ಕಡಿಮೆಯಾಗಿ ಅಳುತ್ತ ನಿಂತ ಮಗುವಿನ ಪರವಾಗಿ ಅಪ್ಪ ವಾದಿಸುವ ದೃಶ್ಯ ಯಾವ ಪಾರ್ಕಿಗೂ ಹೊಸದಲ್ಲ. ಸಿಬ್ಬಂದಿ ಕದಲುವುದಿಲ್ಲ. ಆ ಅಳತೆ ಮಗುವಿನ ಧೈರ್ಯಕ್ಕಲ್ಲ, ಸೀಟಿನ ಸರಳು ಆ ಮೈಯನ್ನು ಹಿಡಿದೀತೇ ಎಂಬುದಕ್ಕೆ.

ಕೊನೆಯ ಇಳಿಜಾರು

ಹಿಂಭಾಗದ ‘ಸ್ಟೀಲ್ ವೆಂಜನ್ಸ್’, 1991ರ ಹಳೆಯ ಮರದ ಕೋಸ್ಟರಿನ ಮೈಮೇಲೆ 2018ರಲ್ಲಿ ಉಕ್ಕಿನ ಹಳಿ ಹೊದಿಸಿ ಮಾಡಿದ್ದು. ಅಲ್ಲಿಂದ ಉಗಿಬಂಡಿ ಹಿಡಿದು ಮರಳಿದರೆ ದಣಿದ ಕಾಲಿಗೆ ಆರಾಮ. ಸಂಜೆಯ ಹೊತ್ತಿಗೆ ಹೆಚ್ಚಿನವರು ಬಂದು ನಿಲ್ಲುವುದು ‘ಮಿಲೇನಿಯಂ ಫೋರ್ಸ್’ ಸಾಲಿನಲ್ಲಿ. 2000ನೇ ಇಸವಿಯಲ್ಲಿ 300 ಅಡಿ ದಾಟಿದ ಮೊದಲ ಪೂರ್ಣಸುತ್ತಿನ ಕೋಸ್ಟರ್ ಇದು; ಎತ್ತರ 310 ಅಡಿ.

ಸಾಲು ನಿಧಾನಕ್ಕೆ ಸರಿಯುತ್ತದೆ. ಜೊತೆಗಾರರಿದ್ದರೆ ಹರಟೆಯಲ್ಲಿ ಹೊತ್ತು ಹೋದೀತು. ಒಬ್ಬರೇ ಇದ್ದರೆ ಪ್ರತಿ ಗಾಡಿಯೂ ಏರುವುದನ್ನು ನೋಡಬೇಕು, ಪ್ರತಿ ಕಿರುಚಾಟವನ್ನೂ ಕೇಳಬೇಕು. ಹತ್ತುವ ಕಟ್ಟೆಯ ತನಕ ಬಂದು ಮನಸ್ಸು ಬದಲಾಯಿಸುವವರೂ ಇದ್ದಾರೆ. ಅವರು ಹೇಳಿದರೆ ಸಾಕು, ಸಿಬ್ಬಂದಿ ಗಾಡಿಯ ಮೂಲಕವೇ ದಾಟಿಸಿ ಆಚೆಯ ದಾರಿ ತೋರಿಸುತ್ತಾರೆ. ಗೆಳೆಯರ ಗೇಲಿಗೆ ಹೆದರಿ ಹತ್ತುವುದಕ್ಕಿಂತ ಹಾಗೆ ದಾಟಿ ಹೋಗುವುದೇ ದೊಡ್ಡ ಧೈರ್ಯ. ಹೃದಯ, ಬೆನ್ನು, ಕುತ್ತಿಗೆಯ ತೊಂದರೆ ಇದ್ದವರಂತೂ ಫಲಕ ಓದಿ ಅಲ್ಲೇ ನಿಲ್ಲುವುದು ವಿವೇಕ.

ಕೂತವರಿಗೆ ಇನ್ನು ದಾರಿಯಿಲ್ಲ. ಇಲ್ಲಿ ಏರಿಸುವುದು ಸರಪಳಿಯಲ್ಲ, ಉಕ್ಕಿನ ಹಗ್ಗ, ಏರುವುದು ಬೇಗ. ಒಂದು ಬದಿಗೆ ಈರಿ ಸರೋವರ, ಇನ್ನೊಂದು ಬದಿಗೆ ಸೂರ್ಯ ಇಳಿಯುತ್ತಿರುವ ಕೊಲ್ಲಿ. ಮುಂದೆ 300 ಅಡಿಯ ಇಳಿಜಾರು, 80 ಡಿಗ್ರಿ ಓರೆ. ಲೆಕ್ಕದ ಪ್ರಕಾರ ಬುಡದಲ್ಲಿ ವೇಗ ಗಂಟೆಗೆ 152 ಕಿಲೋಮೀಟರ್ ಆಗಬೇಕು. ನಿಜದಲ್ಲಿ ಸುಮಾರು 150. ಆ ಸೂತ್ರದಲ್ಲಿ ಸವಾರರ ತೂಕಕ್ಕೆ ಜಾಗವೇ ಇಲ್ಲ. ದಪ್ಪ, ತೆಳು, ಧೈರ್ಯವಂತ, ಪುಕ್ಕಲ ಎಲ್ಲರಿಗೂ ಒಂದೇ ವೇಗ!

ಎರಡೂಕಾಲು ನಿಮಿಷದಲ್ಲಿ ಎಲ್ಲ ಮುಗಿದು ಗಾಡಿ ನಿಲ್ಲುತ್ತದೆ. ಕಾಲು ಸಣ್ಣಗೆ ನಡುಗುತ್ತದೆ, ಮುಖದಲ್ಲಿ ತಾನಾಗಿ ನಗು. ಹೊರದಾರಿಯ ಬಳಿ ಚೀಲ, ನೀರಿನ ಬಾಟಲಿ, ಟೋಪಿಗಳನ್ನು ಹಿಡಿದು ಅಪ್ಪ ಅಮ್ಮಂದಿರು ಕಾದಿರುತ್ತಾರೆ. ಹತ್ತದಿದ್ದರೂ ಆ ಎರಡೂಕಾಲು ನಿಮಿಷ ಅವರೂ ಉಸಿರು ಬಿಗಿಹಿಡಿದವರೇ. ಒಂಟಿಯಾಗಿ ಬಂದವರಿಗಾಗಿ ಅಲ್ಲಿ ಯಾರೂ ಕಾದಿಲ್ಲ. ಅವರು ಜನರ ನಡುವೆ ಮೆಲ್ಲಗೆ ದಾರಿ ಮಾಡಿಕೊಂಡು ಹೋಗಿ, ಬೆಳಕು ಹೊತ್ತಿಕೊಂಡ ಆ ಬೆಟ್ಟವನ್ನು ಇನ್ನೊಮ್ಮೆ ತಿರುಗಿ ನೋಡುತ್ತಾರೆ. ಅನೇಕರು ಅದಾದ ಮೇಲೆ ಮಾಡುವ ಕೆಲಸ, ಸಮೀಪದ ಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡುವುದು.

*ಕ್ಲೀವ್‌ಲ್ಯಾಂಡ್ ನಗರದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಸೀಡರ್ ಪಾಯಿಂಟ್ ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿರುತ್ತದೆ. ಮಿಂಚು, ಜೋರು ಗಾಳಿ ಬಂದರೆ ಎತ್ತರದ ಸವಾರಿಗಳನ್ನು ನಿಲ್ಲಿಸುತ್ತಾರೆ. ಸಾಲು ಚಿಕ್ಕದಿರುವುದು ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಮತ್ತು ಮುಚ್ಚುವ ಮುನ್ನಿನ ಗಂಟೆಯಲ್ಲಿ.*